ಬಾಲ ಬಿಟ್ಟು ಓದಿದ ಹೆಸರು

ನಾನು ಯಂತ್ರ ಪರೀಕ್ಷೆ ಪಾಸಾದ ದಿನ ಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಪರೀಕ್ಷೆ ಬರೆದವಳು ನಾನಲ್ಲ, ಮೇಲಿನ ಓಣಿಯ ಫಕೀರಮ್ಮ. ನನ್ನ ಹೆಸರು ಫಕೀರವ್ವ, ಕೆಳಗಿನ ಓಣಿಯವಳು. ನಮ್ಮೂರಿನಲ್ಲಿ ಹೆಸರಿನ ಬಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವ್ವ, ಅಮ್ಮ, ಅಕ್ಕ, ಅಪ್ಪ, ಎಲ್ಲವನ್ನೂ ಕತ್ತರಿಸಿ ಬಿಸಾಕಿ, ಉಳಿದದ್ದನ್ನು ದಫ್ತರಿನಲ್ಲಿ ಬರೆಯುತ್ತಾರೆ. ಉಳಿದದ್ದು ಒಂದೇ ಆದರೆ ಆ ಇಬ್ಬರೂ ಒಬ್ಬರೇ. ಆಕೆ ಪಾಸಾದಳು ಅಂದಮೇಲೆ ನಾನೂ ಪಾಸು. ಅಂಚೆಯವನು ಸರ್ಟಿಫಿಕೇಟಿನ ನಕಲನ್ನು ತಂದು ಅವರೆಸಿಪ್ಪೆಯ ಗುಡ್ಡೆಯ ಮೇಲಿಟ್ಟು, ಬಾಯಿ ಸಿಹಿ ಮಾಡು ಅಂತ ನಿಂತ.

ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ, ನಾನು ಹುಟ್ಟುವ ಮೊದಲೇ ಹೀಗಿತ್ತು. ಜನ ಹೊಂದಿಕೊಂಡಿದ್ದರು. ಒಬ್ಬ ಈರಪ್ಪನಿಗೆ ಜ್ವರ ಬಂದರೆ ಇನ್ನೊಬ್ಬ ಈರಪ್ಪ ಸಾಕ್ಷಿಕಟ್ಟೆ ಹತ್ತಿ, ತಾನು ಕಾಣದ ಜಗಳವನ್ನು ಕಣ್ಣಾರೆ ಕಂಡವನ ಹಾಗೆ ಹೇಳಿ ಇಳಿಯುತ್ತಿದ್ದ. ತೊಟ್ಟಿಲಲ್ಲಿ ಹೆಸರಿಡುವಾಗ ತಾಯಂದಿರು ಊರಿನ ಜಾಣರು ಯಾರು, ಗಟ್ಟಿ ಆಯುಷ್ಯದವರು ಯಾರು ಅಂತ ಹುಡುಕಿ ಅವರ ಹೆಸರನ್ನೇ ಇಡುತ್ತಿದ್ದರು. ಒಮ್ಮೆ ಕೋಟೆ ಬಾಗಿಲಿನ ಹತ್ತಿರ ಫಕೀರಪ್ಪ ಅನ್ನುವ ಮುದುಕ ತೀರಿಕೊಂಡ. ಹನ್ನೊಂದು ದಿನ ನಾನೂ ಫಕೀರಮ್ಮನೂ ಸತ್ತವರ ಪಟ್ಟಿಯಲ್ಲಿದ್ದೆವು. ನನಗೆ ರೇಷನ್ ಅಂಗಡಿಯವನು ಅಕ್ಕಿ ಅಳೆಯಲಿಲ್ಲ. ಕಣ್ಣೆದುರು ನಿಂತಿದ್ದೀನಲ್ಲೋ ಅಂದರೆ, ನೀನು ನಿಂತರೇನು, ಹೆಸರು ಹೋಗಿದೆಯಲ್ಲ ಅಂದ. ಅವನ ತಪ್ಪೂ ಅಲ್ಲ.

ಆದರೆ ಆ ಪಾಸು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಯಿತು. ನಾನು ಹದಿನಾಲ್ಕನೇ ವಯಸ್ಸಿನಿಂದ ಯಂತ್ರ ಬಿಚ್ಚುತ್ತಿದ್ದೆ. ಮೊದಲು ರೇಡಿಯೋ, ಆಮೇಲೆ ಫ್ಯಾನು, ಮಿಕ್ಸರು, ಕೊನೆಗೆ ಕಂಪ್ಯೂಟರು. ಬಿಚ್ಚಿದ್ದನ್ನು ಕೂಡಿಸಲಾರದೆ ಅತ್ತದ್ದಿದೆ, ಶಾಕ್ ಹೊಡೆಸಿಕೊಂಡು ಮೂಲೆಗೆ ಬಿದ್ದದ್ದಿದೆ. ಹಾಗೆ ಕಲಿತ ವಿದ್ಯೆ ಅದು. ಈಗ ಯಾರ ಮನೆಯ ಯಂತ್ರ ರಿಪೇರಿ ಮಾಡಿದರೂ, ಫಕೀರಮ್ಮನ ಓದು ನಿನ್ನ ಕೈಗೆ ಚೆನ್ನಾಗಿ ಬಂದಿದೆ ನೋಡು ಅನ್ನತೊಡಗಿದರು. ಮೈ ಉರಿಯುತ್ತಿತ್ತು. ಸರಿ, ನಾನೂ ಯಂತ್ರಶಾಲೆಗೆ ಸೇರಿ ಓದಿಯೇಬಿಡುತ್ತೇನೆ ಅಂತ ಹೋದರೆ ಮಾಸ್ತರರು ಬಾಗಿಲಲ್ಲೇ ತಡೆದರು. ಪಾಸಾದವಳಿಗೆ ಮತ್ತೆ ಯಾವ ಕ್ಲಾಸು, ಮನೆಗೆ ಹೋಗು ತಾಯಿ ಅಂದರು. ಮೂರು ವರ್ಷ, ವರ್ಷಕ್ಕೊಂದು ಅರ್ಜಿ ಹಾಕಿದೆ. ಮೂರೂ ಸಲ ಅದೇ ಉತ್ತರ ಬಂತು.

ಈ ಹೆಸರುಗಳ ಉಸಾಬರಿಯೆಲ್ಲ ನೋಡಿಕೊಳ್ಳುವ ಕಚೇರಿಗೆ ನಮ್ಮಲ್ಲಿ ಹೆಸರುಕಟ್ಟೆ ಅನ್ನುತ್ತಾರೆ. ಅಲ್ಲೊಂದು ಡೆಸ್ಕ್‌ಟಾಪ್ ಇತ್ತು. ವರ್ಷಕ್ಕೊಮ್ಮೆ ಅದು ಹಳೆಯ ದಫ್ತರುಗಳ ಹದಿನೆಂಟು ಸಾವಿರ ಪುಟಗಳ ಫೋಟೋಗಳನ್ನು ಒಂದೊಂದಾಗಿ ಓದಿ, ಯಾರ ಹೆಸರು ಯಾರಿಗೆ ಕೂಡುತ್ತದೆ ಅಂತ ಕೂಡುಪಟ್ಟಿ ತಯಾರಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದರೆ ಮಧ್ಯಾಹ್ನ ಎರಡಕ್ಕೆ ಮುಗಿಸುತ್ತಿತ್ತು. ಅದರ ಧೂಳು ಊದುವುದು, ಫ್ಯಾನು ಬದಲಿಸುವುದು, ಪ್ರೊಸೆಸರಿನ ಮೇಲೆ ಬಿಸಿ ಇಳಿಸುವ ಹೊಸ ಪೇಸ್ಟ್ ಹಚ್ಚುವುದು ನನ್ನ ಕೆಲಸ. ಅದರ ಉಸಿರು ಕೇಳಿಯೇ ಮೈಯಲ್ಲಿ ಏನಾಗಿದೆ ಅಂತ ಹೇಳುವಷ್ಟು ಸಲಿಗೆಯಿತ್ತು ನಮಗೆ.

ಆ ವರ್ಷ ಹೆಸರುಕಟ್ಟೆಗೆ ಮುರಿಗೆಪ್ಪ ಸಾಹೇಬರು ಹೊಸದಾಗಿ ಬಂದರು. ಕೆಟ್ಟವರಲ್ಲ, ಆದರೆ ನಿಯಮ ಅಂದರೆ ಪ್ರಾಣ. ಜೊತೆಗೆ ಒಂದು ಹೊಚ್ಚಹೊಸ ಲ್ಯಾಪ್‌ಟಾಪ್ ತಂದರು. ಓಣಿ ಓಣಿಗೆ ಹೊತ್ತುಕೊಂಡು ಹೋಗಿ ಜನರ ಮನೆ ಬಾಗಿಲಲ್ಲೇ ಹೆಸರು ನೋಡಬಹುದು ಅನ್ನುವುದು ಅವರ ಲೆಕ್ಕ. ಅದೂ ಒಳ್ಳೆಯದೇ. ಆದರೆ ಅವರು ಡೆಸ್ಕ್‌ಟಾಪಿನ ಮೇಲಿದ್ದ ಚೀಟಿ ಓದಿದರು, ಲ್ಯಾಪ್‌ಟಾಪಿನ ಅಂಗೈ ಇಡುವ ಜಾಗದ ಚೀಟಿಯನ್ನೂ ಓದಿದರು. ಎರಡರ ಮೇಲೂ ಶರಭ ೯ ಅಂತ ಪ್ರೊಸೆಸರಿನ ಹೆಸರು. ಡೆಸ್ಕ್‌ಟಾಪನ್ನು ಗುಜರಿಗೆ ಹಾಕಿ ಅಂತ ಹೇಳಿ ಊಟಕ್ಕೆ ಎದ್ದರು.

ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅಡ್ಡ ನಿಂತೆ. ಲ್ಯಾಪ್‌ಟಾಪಿನ ಚೀಟಿಯಲ್ಲಿ ಒಂಬತ್ತರ ಪಕ್ಕ ಸಾಸಿವೆಯಷ್ಟು ಸಣ್ಣದಾಗಿ ‘ತ’ ಅಂತ ಒಂದಕ್ಷರ ಇತ್ತು. ತೆಳುವಾದ ಯಂತ್ರಕ್ಕೆ ಅಂತ ಮಾಡಿದ, ಕಮ್ಮಿ ಕರೆಂಟು ಕುಡಿಯುವ ಪ್ರೊಸೆಸರಿಗೆ ಕಂಪನಿಯವರು ಇಡುವ ಗುರುತು ಅದು. ತೋರಿಸಿದೆ. ಸಾಹೇಬರು ಕನ್ನಡಕ ಏರಿಸಿ ನೋಡಿ, ಇದು ಬಾಲವಮ್ಮ, ಬಾಲ ಯಾರು ಓದುತ್ತಾರೆ ಅಂದರು. ಬೇರೆ ಊರಿನವರಾಗಿದ್ದರೆ ಆ ಅಕ್ಷರವನ್ನೇ ಮೊದಲು ನೋಡುತ್ತಿದ್ದರು. ನಮ್ಮವರ ಕಣ್ಣಿಗೆ ಬಾಲ ಕಾಣುವುದೇ ಇಲ್ಲ.

"ಹೆಸರು ಒಂದ ಐತಿ, ಇದರ ಬದಲಿ ಅದು ಕುಂದರತೈತಿ. ಇದರಾಗ ಮಾತೇನೈತಿ?" ಅಂದರು.

"ಕುಂದರಾಕ ಕುಂದರತೈತ್ರೀ ಸಾಹೇಬ್ರ. ದುಡಿಯಾಕ ಆಗೂದಿಲ್ಲ."

ಆ ಮಾತು ನನ್ನ ಬಾಯಿಂದ ಬಿದ್ದ ಕೂಡಲೇ ನನಗೇ ಒಂದು ದಾರಿ ಕಂಡಿತು. ಮೂರು ವರ್ಷ ಅರ್ಜಿ ಬರೆದರೂ ಕಾಣದ ದಾರಿ. ನಾನು ಸಾಹೇಬರಿಗೆ ಹೇಳಿದೆ: ಈ ಎರಡೂ ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಕೆಲಸ ಕೊಡಿ. ಹೆಸರು ಒಂದೇ ಆದರೂ ಕಸುವು ಒಂದಲ್ಲ ಅಂತ ತೋರಿಸಿದರೆ, ನನ್ನನ್ನು ನಾನಾಗಿಯೇ ಕ್ಲಾಸಿಗೆ ಸೇರಿಸಿ, ನಾನಾಗಿಯೇ ಪರೀಕ್ಷೆಗೆ ಕೂರಿಸಬೇಕು. ತೋರಿಸದಿದ್ದರೆ, ಅಂತ ಅವರು ಕೇಳಿದರು. ತೋರಿಸದಿದ್ದರೆ ಫಕೀರಮ್ಮನ ಪಾಸೇ ನನ್ನ ಪಾಸು ಅಂತ ಕೈಯಾರೆ ಬರೆದುಕೊಡುತ್ತೇನೆ, ಈ ಜನ್ಮದಲ್ಲಿ ಇನ್ನು ಅರ್ಜಿ ಹಾಕುವುದಿಲ್ಲ ಅಂದೆ. ಸಾಹೇಬರಿಗೆ ನನ್ನ ಕಾಟ ತಪ್ಪಿದರೆ ಸಾಕಿತ್ತು. ಒಪ್ಪಿಕೊಂಡರು.

ಪಂಥದ ವಿಷಯದಲ್ಲಿ ನಮ್ಮೂರಿಗೆ ಒಂದು ಪದ್ಧತಿಯಿದೆ. ತೀರ್ಪು ಹೇಳುವವರು ಕುರ್ಚಿಯ ಮೇಲೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಪಂಥ ಶುರು, ಉಗುಳಿದರೆ ಮುಗಿಯಿತು. ನಡುವೆ ಅವರು ಮಾತಾಡುವಂತಿಲ್ಲ, ಎದ್ದರೆ ಪಂಥ ಕಟ್ಟಿದವನದೇ ಗೆಲುವು. ಕುಸ್ತಿಯಾಗಲಿ, ಅಡುಗೆಯಾಗಲಿ ಎಲ್ಲವೂ ಒಂದೆಲೆ ಹೊತ್ತು, ಅಂದರೆ ಸುಮಾರು ಹತ್ತು ನಿಮಿಷ. ಎತ್ತು ಕೊಳ್ಳುವವನೂ ಒಂದೆಲೆ ಹೊತ್ತು ಓಡಿಸಿ ನೋಡುತ್ತಾನೆ. ಮರುವಾರ ಎತ್ತು ನೊಗದ ಕೆಳಗೆ ಮಲಗಿದರೆ ಹಣೆಬರಹ ಅಂದುಕೊಳ್ಳುತ್ತಾನೆ.

ನನಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ. ಲ್ಯಾಪ್‌ಟಾಪ್ ಹೊಸದು, ತಣ್ಣಗಿರುವಾಗ ಜಿಂಕೆಮರಿಯ ಹಾಗೆ ಜಿಗಿಯುತ್ತದೆ. ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಬಿಸಿ ಹೋಗಲು ಜಾಗವಿಲ್ಲ. ಕಾವು ಏರಿದಮೇಲೆ ಸುಟ್ಟುಕೊಳ್ಳಬಾರದು ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದು ಅದರ ಜಾಣತನ, ಬೈಯುವ ಹಾಗಿಲ್ಲ. ನನ್ನ ಡೆಸ್ಕ್‌ಟಾಪಿನ ಪ್ರೊಸೆಸರಿನ ತಲೆಯ ಮೇಲೆ ಮುಷ್ಟಿಗಾತ್ರದ ಲೋಹದ ಗೂಡು, ಅದರ ಮೇಲೆ ಅಂಗೈಯಗಲ ಫ್ಯಾನು. ಮೂರು ಪಟ್ಟು ಕರೆಂಟು ತಿನ್ನುತ್ತದೆ, ಸದ್ದು ಮಾಡುತ್ತದೆ, ಆದರೆ ಹಿಡಿದ ವೇಗ ಬಿಡುವುದಿಲ್ಲ. ಈ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲಿ ಕಾಣುವುದಿಲ್ಲ. ಪೂರ್ತಿ ಕೂಡುಪಟ್ಟಿ ಓಡಿಸಿ ಅಂತ ಗೋಗರೆದೆ. ನಿನಗಾಗಿ ಪದ್ಧತಿ ಮುರಿಯಲೇನಮ್ಮ ಅಂತ ಸಾಹೇಬರು ನಕ್ಕರು. ಆದರೂ ಹಿಂದೆ ಸರಿಯಲಿಲ್ಲ. ಸೋತರೆ ಸೋತೆ, ಕೂತು ಕೊಳೆಯುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಪಂಥದ ಬೆಳಿಗ್ಗೆ ಹೆಸರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೆಸ್ಕ್‌ಟಾಪಿನ ಮುಂದೆ ನಾನು. ಲ್ಯಾಪ್‌ಟಾಪಿನ ಮುಂದೆ ಸರ್ಟಿಫಿಕೇಟ್ ಇದ್ದವರೇ ಕೂರಬೇಕು ಅಂತ ಅಲ್ಲಿಯೇ ಗುಮಾಸ್ತೆಯಾಗಿದ್ದ ಫಕೀರಮ್ಮನನ್ನು ಕೂರಿಸಿದರು. ಬೆಳ್ಳಗೆ, ಸಣ್ಣಗೆ, ಮಾತು ಕಮ್ಮಿಯ ಹೆಂಗಸು. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳೇನು ಮಾಡಿದ್ದಳು ಪಾಪ, ಓದಿ ಪಾಸಾಗಿದ್ದಳು ಅಷ್ಟೆ. ಆದರೂ ಎದುರಿಗೆ ಬಂದರೆ ನಾನು ಓಣಿ ಬದಲಿಸುತ್ತಿದ್ದೆ. ಸಾಹೇಬರು ನಡುವಿನ ಕುರ್ಚಿಯಲ್ಲಿ ಕೂತರು. ಅವರ ಕಾಲ ಬಳಿ ಹಿತ್ತಾಳೆಯ ಪೀಕದಾನಿ. ಅವರ ಹಿಂದಿನ ಗೋಡೆಯ ಮೇಲೆ ಅವರೇ ಕೆಂಪು ಬಣ್ಣದಲ್ಲಿ ಬರೆಸಿದ್ದ ಬೋರ್ಡು: ಇಲ್ಲಿ ಉಗುಳಬಾರದು.

ಎಲೆ ಬಾಯಿಗೆ ಹೋಯಿತು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು. ಎಷ್ಟು ಪುಟ ಓದಿ ಮುಗಿಯಿತು ಅನ್ನುವುದು ಸ್ಕ್ರೀನಿನ ಮೂಲೆಯಲ್ಲಿ ಏರುತ್ತಾ ಹೋಗುತ್ತದೆ. ನಾನು ಹೆದರಿದ್ದ ಹಾಗೆಯೇ ಆಯಿತು. ನನ್ನದು ಇನ್ನೂರು ಅನ್ನುವಾಗ ಅದು ಇನ್ನೂರೈವತ್ತು. ನನ್ನದು ನಾನೂರು, ಅದು ನಾನೂರ ಎಪ್ಪತ್ತು. ಜನ ಶಿಳ್ಳೆ ಹಾಕಿದರು. ಆರುನೂರಕ್ಕೆ ನಾನು ಬಂದಾಗ ಅದು ಆರುನೂರ ನಲವತ್ತರಲ್ಲಿತ್ತು, ಸಾಹೇಬರ ಕೆನ್ನೆ ತುಂಬಿ ಉಬ್ಬಿತ್ತು. ಅಂತರ ಕಮ್ಮಿಯಾಗುತ್ತಿತ್ತು, ನನಗೆ ಗೊತ್ತಾಗುತ್ತಿತ್ತು, ಇನ್ನು ಎರಡೇ ನಿಮಿಷ ಸಿಕ್ಕಿದ್ದರೆ ಸಾಕಿತ್ತು. ಸಾಹೇಬರು ಬಗ್ಗಿ ಪೀಕದಾನಿಗೆ ಕೈ ಹಾಕಿದರು. ಪೀಕದಾನಿ ಅಲ್ಲಿರಲಿಲ್ಲ.

ಫಕೀರಮ್ಮ ಅದನ್ನು ಕಾಲಿನಿಂದ ತನ್ನ ಮೇಜಿನ ಕೆಳಗೆ ಎಳೆದುಕೊಂಡು ಮೇಲೆ ಸೀರೆಯ ನೆರಿಗೆ ಬಿಟ್ಟುಕೊಂಡು ಕೂತಿದ್ದಳು.

"ಇನ್ನೂ ಮುಗದಿಲ್ರೀ ಸಾಹೇಬ್ರ," ಅಂದಳು. ದನಿ ಮೆತ್ತಗಿತ್ತು, ಆದರೆ ಎಲ್ಲರಿಗೂ ಕೇಳಿತು. "ಕೂಡುಪಟ್ಟಿ ಒಂದೆಲಿ ಹೊತ್ತಿನ ಕೆಲಸ ಅಲ್ರೀ. ಪ್ರತಿ ವರ್ಷಾ ನಾನ ಹಚ್ಚಿ ಕುಂದರತೀನಿ, ನನಗ ಗೊತ್ತೈತಿ."

ಸಾಹೇಬರ ಸ್ಥಿತಿ ಯಾರಿಗೂ ಬೇಡ. ಬಾಯಿ ತೆರೆದರೆ ಶರಟು ಕೆಂಪಾಗುತ್ತದೆ. ಎದ್ದರೆ ಪಂಥ ನನ್ನದಾಗುತ್ತದೆ. ನೆಲಕ್ಕೆ ಉಗುಳೋಣವೆಂದರೆ ಅವರದೇ ಬೋರ್ಡು ತಲೆಯ ಮೇಲಿದೆ. ನುಂಗೋಣವೆಂದರೆ ಹೊಗೆಸೊಪ್ಪು ಬೇರೆ ಹಾಕಿಕೊಂಡಿದ್ದರು. ಕಣ್ಣಲ್ಲೇ ಗದರಿದರು, ಕೈ ಬೀಸಿದರು. ಫಕೀರಮ್ಮ ಸ್ಕ್ರೀನು ಬಿಟ್ಟು ಕಣ್ಣೆತ್ತಲಿಲ್ಲ. ಜನ ಮೊದಲು ಬೆಪ್ಪಾದರು, ಆಮೇಲೆ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತುಕೊಂಡರು.

ಆಗ ಶುರುವಾಯಿತು ನಿಜವಾದ ಪಂಥ. ಹನ್ನೆರಡನೇ ನಿಮಿಷಕ್ಕೆ ಎರಡೂ ಸರಿಸಮ. ಲ್ಯಾಪ್‌ಟಾಪಿನ ಪುಟ್ಟ ಫ್ಯಾನು ಸೊಳ್ಳೆಯ ಹಾಗೆ ಕೂಗತೊಡಗಿತ್ತು. ಸಾಹೇಬರು ಬೆರಳು ಮಾಡಿ ಮೂಲೆಯ ಟೇಬಲ್ ಫ್ಯಾನನ್ನು ತೋರಿಸಿದರು. ಅದನ್ನು ತಂದು ಲ್ಯಾಪ್‌ಟಾಪಿನ ಕಡೆ ತಿರುಗಿಸಬೇಕಂತೆ. ಜನರಲ್ಲಿ ಯಾರೋ ಇದು ಮೋಸ ಅಂದರು. ಇರಲಿ ಬಿಡಿ, ಬೇಕಾದರೆ ಎರಡು ಫ್ಯಾನು ಹಚ್ಚಿ ಅಂತ ನಾನೇ ಹೇಳಿದೆ. ಅದಕ್ಕೆ ಗಾಳಿ ಸಿಕ್ಕಿ ಒಂದೆರಡು ನಿಮಿಷ ಚೇತರಿಸಿಕೊಂಡಿತು, ಮತ್ತೆ ಕುಗ್ಗಿತು. ಹದಿನೈದು ನಿಮಿಷದ ಮೇಲೆ ಅದು ನಿಮಿಷಕ್ಕೆ ನಲವತ್ತು ಪುಟ ಓದಲೂ ಏದುಸಿರು ಬಿಡುತ್ತಿತ್ತು. ನನ್ನದು ಮೊದಲ ನಿಮಿಷ ಅರವತ್ತು ಪುಟ ಓದಿತ್ತು, ಇಪ್ಪತ್ತೈದನೇ ನಿಮಿಷವೂ ಅರವತ್ತೇ ಓದಿತು. ಫಕೀರಮ್ಮ ನಿಮಿಷಕ್ಕೊಮ್ಮೆ ತನ್ನ ಅಂಕಿಯನ್ನು ತಾನೇ ಗಟ್ಟಿಯಾಗಿ ಓದುತ್ತಿದ್ದಳು. ಒಂದು ಪುಟವನ್ನೂ ಹೆಚ್ಚಿಗೆ ಹೇಳಲಿಲ್ಲ.

ಅರ್ಧ ಗಂಟೆಗೆ ನನ್ನದು ಸಾವಿರದ ಎಂಟುನೂರು, ಅವಳದು ಸಾವಿರದ ನಾನೂರು. ನಾಲ್ಕು ನೂರು ಪುಟದ ಅಂತರ, ಕೂಸಿಗೂ ಕಾಣುವಂಥದ್ದು. ಫಕೀರಮ್ಮ ಎದ್ದು ಪೀಕದಾನಿಯನ್ನು ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ನಿಂತಳು. ಕೊಡಲಿಲ್ಲ. ಮೊದಲು ನನ್ನ ಕಡೆ ಕಣ್ಣು ಹಾಯಿಸಿ ಮಾತಾಡಿದಳು.

"ನಾಲ್ಕನೇ ಇಯತ್ತೆಯೊಳಗ ಇಕಿ ಸಾಲಿ ಕಿಟಕಿ ಒಡದ್ಲು. ಮರದಿನ ಇಕಿ ಬರಲಿಲ್ಲ. ಮಾಸ್ತರ್ರು ಹೆಸರು ಕರದ್ರು, ನಾ ಎದ್ದು ನಿಂತೆ. ಹನ್ನೆರಡು ಏಟು, ಸಾಹೇಬ್ರ. ಕಿಟಕಿ ಎಲ್ಲಿ ಐತಿ ಅಂತ ಸೈತ ನನಗ ಗೊತ್ತಿರಲಿಲ್ಲ."

ನನಗೆ ಆ ಕಿಟಕಿ ನೆನಪಿತ್ತು. ಏಟು ಯಾರಿಗೆ ಬಿತ್ತು ಅಂತ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ಮೂರು ವರ್ಷ ನನ್ನ ಪರೀಕ್ಷೆ ಕದ್ದಳು ಅಂತ ಅವಳನ್ನು ಶಪಿಸಿದ್ದೆ. ಅವಳು ನನ್ನ ಏಟುಗಳನ್ನು ತಿಂದು ಸುಮ್ಮನಿದ್ದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ ನನಗೆ. ಇದ್ದ ಜಾಗದಲ್ಲೇ ಅತ್ತುಬಿಟ್ಟೆ.

ಸಾಹೇಬರು ಉಗುಳಿದರು, ಮೂರು ಸಲ ಬಾಯಿ ಮುಕ್ಕಳಿಸಿದರು, ಫಕೀರಮ್ಮನ ಮೇಲೆ ಕೂಗಾಡಿದರು. ಕೂಗಿ ಸುಸ್ತಾದಮೇಲೆ ಎರಡೂ ಸ್ಕ್ರೀನುಗಳ ಅಂಕಿ ಓದಿದರು. ಹೆಸರು ಒಂದೇ ಆದವರು ಬೇರೆ ಬೇರೆ ಅಂತ ನಾನು ಬರೆಯಲಾರೆ, ಊರೇ ಬಿದ್ದುಹೋಗುತ್ತದೆ ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಚೀಟಿಯ ಮೇಲೆ ಬಗ್ಗಿದರು. ಆ ಸಣ್ಣ ಅಕ್ಷರವನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಹೆಸರ ಒಂದಲ್ಲ ಇವು," ಅಂದರು ಕೊನೆಗೆ. "ಬಾಲ ಬಿಟ್ಟು ಓದಿದ್ದು ನಮ್ಮ ತಪ್ಪು."

ನಿಯಮವೂ ಉಳಿಯಿತು, ನನ್ನ ದಾರಿಯೂ ತೆರೆಯಿತು. ಯಂತ್ರಕ್ಕಾಗಲಿ ಮನುಷ್ಯರಿಗಾಗಲಿ, ಪರೀಕ್ಷೆಯ ಮಟ್ಟಿಗೆ ಬಾಲ ಸಹಿತ ಹೆಸರು ಓದತಕ್ಕದ್ದು ಅಂತ ಆ ದಿನವೇ ಆಜ್ಞೆ ಬರೆದರು. ಲ್ಯಾಪ್‌ಟಾಪ್ ಓಣಿ ಸುತ್ತುವ ಕೆಲಸಕ್ಕೆ ಹೋಯಿತು. ಕರೆಂಟಿಲ್ಲದ ಕಡೆಯೂ ಬ್ಯಾಟರಿಯಲ್ಲಿ ನಡೆಯುತ್ತದೆ, ಒಂದು ಹೆಸರು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ತೋರಿಸುತ್ತದೆ, ಆ ಕೆಲಸಕ್ಕೆ ಅದರಷ್ಟು ಚುರುಕು ಇನ್ನೊಂದಿಲ್ಲ. ಕೂಡುಪಟ್ಟಿಗೆ ನನ್ನ ಡೆಸ್ಕ್‌ಟಾಪೇ ಉಳಿಯಿತು. ಆದರೆ ಆಜ್ಞೆಗೆ ಇನ್ನೊಂದು ಮುಖವಿತ್ತು. ನನ್ನ ಹಳೆಯ ಪಾಸು ರದ್ದಾಯಿತು. ಸರ್ಟಿಫಿಕೇಟಿನ ನಕಲನ್ನು ವಾಪಸು ಕೊಡು ಅಂದಾಗ ನಮ್ಮವ್ವ ಅದನ್ನು ಟ್ರಂಕಿನಿಂದ ತೆಗೆದುಕೊಡಲು ಎರಡು ದಿನ ಮಾಡಿದಳು. ಇದ್ದ ಪಾಸು ಕಳಕೊಂಡು ಇಲ್ಲದ ಪಾಸಿಗೆ ಹೊರಟೆಯಾ, ನಿನಗೆ ಬುದ್ಧಿ ನೆಟ್ಟಗಿದೆಯಾ ಅಂತ ಬೈದಳು.

ಒಂದು ವರ್ಷ ಕ್ಲಾಸಿಗೆ ಹೋದೆ. ಹಗಲೆಲ್ಲ ಶಾಲೆ, ಸಂಜೆ ರಿಪೇರಿ. ಫಕೀರಮ್ಮ ಭಾನುವಾರ ತನ್ನ ಹಳೆಯ ನೋಟುಪುಸ್ತಕ ತಂದು ಹೇಳಿಕೊಡುತ್ತಿದ್ದಳು. ಕಿಟಕಿಯ ಮಾತನ್ನು ನಾನು ಒಮ್ಮೆ ಎತ್ತಿ ಕ್ಷಮೆ ಕೇಳಿದೆ. ಹೋಗಲಿ ಬಿಡೆ, ಈ ಸೂತ್ರ ಬಾಯಿಪಾಠ ಮಾಡು ಅಂದಳು. ಬಾಯಿಪಾಠ ನನ್ನ ಕೈಲಿ ಆಗಲಿಲ್ಲ. ಪರೀಕ್ಷೆಯಲ್ಲಿ ಪ್ರೊಸೆಸರಿನ ಭಾಗಗಳನ್ನು ವಿವರಿಸಿ ಅಂತ ಕೇಳಿದ್ದರು. ಬಿಸಿಯಾದಾಗ ಅದರಿಂದ ಎಂಥ ವಾಸನೆ ಬರುತ್ತದೆ, ಪೇಸ್ಟನ್ನು ಕಡಲೆಕಾಳಿನಷ್ಟೇ ಯಾಕೆ ಹಚ್ಚಬೇಕು ಅಂತ ಎರಡು ಪುಟ ಬರೆದು ಬಂದೆ. ಬರೆಯುವಾಗ ಎಷ್ಟು ಸಂತೋಷವಾಗಿತ್ತು ಅಂದರೆ, ಹೊತ್ತು ಹೋದದ್ದೇ ತಿಳಿಯದೆ ಕೊನೆಯ ಮೂರು ಪ್ರಶ್ನೆ ಬಿಟ್ಟುಬಿಟ್ಟೆ.

ಫಲಿತಾಂಶದ ಹಾಳೆಯನ್ನು ಯಂತ್ರಶಾಲೆಯ ಬಾಗಿಲಿಗೆ ಅಂಟಿಸಿದ್ದರು. ಫಕೀರವ್ವ, ಮೂವತ್ತೊಂದು, ನಪಾಸು. ಪಾಸಿಗೆ ಮೂವತ್ತೈದು ಬೇಕಿತ್ತು. ಹಿಂದಿನಿಂದ ಫಕೀರಮ್ಮ ನನ್ನ ಭುಜ ಹಿಡಿದುಕೊಂಡಳು. ನನ್ನ ನಪಾಸಿನಿಂದ ಅವಳ ಪಾಸಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆಯೇ ದಫ್ತರು ನೋಡಿ ಬಂದಿದ್ದಳಂತೆ.

ನನಗೆ ನೋವಾಗಲಿಲ್ಲವೆಂದರೆ ಸುಳ್ಳು. ಆ ನಾಲ್ಕು ಅಂಕ ಇವತ್ತಿಗೂ ಚುಚ್ಚುತ್ತವೆ. ಆದರೆ ಆ ಮೂವತ್ತೊಂದರಲ್ಲಿ ಒಂದೂ ಬೇರೆಯವರದಲ್ಲ, ಹೋದ ನಾಲ್ಕೂ ನನ್ನವೇ. ಒಳಗೆ ಹೋಗಿ ಬರುವ ವರ್ಷದ ಫಾರಂ ತುಂಬಿ ಕೊಟ್ಟು ಹೊರಗೆ ಬಂದೆ. ಓದಲು ಬಾರದ ಮುದುಕನೊಬ್ಬ ಆ ಹಾಳೆಯ ಮುಂದೆ ನಿಂತು ಬಂದವರನ್ನೆಲ್ಲ ಕೇಳುತ್ತಿದ್ದ, ಈ ಸಲ ನಪಾಸಾದ ಫಕೀರ ಯಾರು, ಮೇಲಿನ ಓಣಿಯವಳೋ ಕೆಳಗಿನ ಓಣಿಯವಳೋ ಅಂತ. ಬಾಲ ಓದುವ ರೂಢಿಯಿಲ್ಲದೆ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

"ನಾನ್ರೀ ಅಜ್ಜಾರ," ಅಂದೆ. ಅವನಿಗೆ ಕಿವಿ ಮಂದ, ಇನ್ನೊಮ್ಮೆ ಕೇಳಿದ. ಓಣಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.